ಕೆಂಪು ಪೆನ್ಸಿಲು

ಸಭಾ ಹಿರಿಯರು ಕೂಡಿ ಠರಾವು ಮಾಡಿದರು:
ಭಾನುವಾರದ ಶಾಲೆಗೆ ದಾನ ಬಂದ
ಮೂವತ್ತೊಂದು ಕಥೆಪುಸ್ತಕ
ದೋರ್ಕಮ್ಮ ಟೀಚರು ಮೊದಲು ಓದಲಿ.
ಮಾಟ ಮಂತ್ರ ಇದ್ದರೆ ತಪ್ಪು ಗುರುತು,
ಇಲ್ಲದಿದ್ದರೆ ಸರಿ.
ಪೆನ್ಸಿಲು ಸಭೆಯ ಖರ್ಚಿನಲ್ಲಿ.

ಗುಳೇದಗುಡ್ಡದ ನಮ್ಮ ಓಣಿಯಲ್ಲಿ
ಮಗ್ಗದ ಸಪ್ಪಳ ರಾತ್ರಿ ಒಂಬತ್ತಕ್ಕೆ ನಿಲ್ಲುತ್ತದೆ.
ಆಮೇಲೆ ನಾನೂ ನನ್ನ ಕನ್ನಡಕವೂ
ರೆಕ್ಕೆ ಮೂಡಿದ ಎಮ್ಮೆಯ ಬೆನ್ನೇರಿ ಕೂತೆವು.

ಮೊದಲ ರಾತ್ರಿಯೇ ತೊಡಕು.
ಮಾತಾಡುವ ಪ್ರಾಣಿಗೆ ತಪ್ಪು ಹಾಕಲು ಹೋದರೆ
ಬಿಳಾಮನ ಕತ್ತೆ ಕಿವಿ ನಿಮಿರಿಸಿ ಕೇಳಿತು:
“ನನ್ನ ಯಾವ ಕಪಾಟಿನಾಗ ಇಡ್ತೀರಿ, ಟೀಚರ್?”
ಮರಗಳು ತಮಗೊಬ್ಬ ರಾಜನನ್ನು ಹುಡುಕುವ ಕಥೆಯನ್ನು
ಯೋತಾಮ ಗುಡ್ಡದ ಮೇಲೆ ನಿಂತು ಕೂಗಿ ಹೇಳಿದ್ದ,
ಮುಳ್ಳುಪೊದೆಗೆ ಪಟ್ಟ ಕಟ್ಟಿದ ಊರಿಗೆ ಕೇಳುವಂತೆ.
ಏಳು ತಲೆಯ ಘಟಸರ್ಪವಂತೂ
ಸತ್ಯವೇದದ ಕೊನೆಯ ಹಾಳೆಗಳಲ್ಲೇ ಹೊರಳುತ್ತಿದೆ.
ಅದಕ್ಕೆ ಯಾರೂ ಪೆನ್ಸಿಲು ಕೊಟ್ಟಿಲ್ಲ.

ಹದಿನಾಲ್ಕನೆಯದರಲ್ಲಿ ಮಾಟಗಾತಿಯೇ ಬಂದಳು.
ನನಗೆ ಏಂದೋರಿನವಳ ನೆನಪು.
ಹಗಲೂ ರಾತ್ರಿ ಉಪವಾಸವಿದ್ದ ಸೌಲ
ಅವಳ ಮನೆಯ ನೆಲಕ್ಕೆ ಕುಸಿದಾಗ
ಕರು ಕೊಯ್ದಳು, ಹಿಟ್ಟು ನಾದಿದಳು, ರೊಟ್ಟಿ ಸುಟ್ಟಳು,
ಉಣಿಸಿ ಕಳಿಸಿದಳು.
ಅವಳ ಕಸುಬು ಪಾಪದ್ದೇ, ತೇಲಿಸಿ ಹೇಳಲಾರೆ.
ಆದರೆ ಬರೆದವನು ಆ ರೊಟ್ಟಿಯನ್ನು ಬಿಟ್ಟು ಬರೆಯಲಿಲ್ಲ.

ಹಿರಿಯ ಹನೋಕಪ್ಪನವರಿಗೆ ಇದನ್ನೇ ಹೇಳಿದೆ.
“ಸತ್ಯವೇದದ ಮಾತು ಬ್ಯಾರೆ, ಟೀಚರ್.”
“ಬ್ಯಾರೇನ ರೀ. ಆದ್ರ ಹುಡುಗರ ಕಿವಿ ಅವ.”

ಬೇಸರ ತರಿಸಿದವು ನಾಲ್ಕು. ಅವೂ ಇರಲಿ ಎಂದೆ.
ತಪ್ಪು ಗುರುತು ಬಿದ್ದದ್ದು ಮಾತ್ರ
ಮಂತ್ರವಿಲ್ಲದ, ದೆವ್ವವಿಲ್ಲದ,
ಪುಟಕ್ಕೊಂದು ಪ್ರಾರ್ಥನೆಯಿದ್ದ ಚೊಕ್ಕ ಪುಸ್ತಕಕ್ಕೆ.
ಅದರಲ್ಲಿ ಒಳ್ಳೆಯವರೆಲ್ಲ ಬೆಳ್ಳಗೆ;
ಕೆಟ್ಟ ಹುಡುಗಿ ಕರ್ರಗೆ, ಕಾಲು ಕುಂಟು, ಅಡುಗೆಯವಳ ಮಗಳು.
ಕಡೆಗೆ ಅವಳು ಬಾವಿಗೆ ಬೀಳುತ್ತಾಳೆ,
ಎಲ್ಲರೂ ಸ್ತೋತ್ರ ಹಾಡುತ್ತಾರೆ.
ಪೆನ್ಸಿಲಿನ ಮೊನೆ ಮುರಿಯಿತು.

ಇಪ್ಪತ್ತೇಳನೆಯದು ಡಬ್ಬಿಯಲ್ಲಿ ಇರಲೇ ಇಲ್ಲ.
ಗರಿಗಳ ಭಾನುವಾರದ ಮರುದಿನ ತಾಯಿಯನ್ನು ಕಳಕೊಂಡ
ಎಲೀಷ ಕೇಳದೆ ಒಯ್ದಿದ್ದ.
ಸಮಾಧಿಯ ಅಂಗಳದಲ್ಲಿ ಸಿಕ್ಕ.
ಶಿಲುಬೆಗೆ ಸುತ್ತಿದ್ದು ಅಪ್ಪನ ಮಗ್ಗದಿಂದ ಹರಿದ ಎಳೆ,
ಖಣದ ಅಂಚಿನ ಕೆಂಪು ರೇಷ್ಮೆ.
ಕಥೆಯ ಹುಡುಗ ಹೀಗೇ ಎಳೆ ಕಟ್ಟಿ ಹೆಸರು ಕರೆದರೆ
ಅವನ ಅವ್ವ ಒದ್ದೆ ಕೂದಲಲ್ಲಿ ಎದ್ದು ಬರುತ್ತಾಳಂತೆ.

“ಮೂರು ಸಲ ಕರೆದೆ ರೀ. ಪುಸ್ತಕ ಸುಳ್ಳು ಹೇಳೇತಿ.”

ಹನೋಕಪ್ಪನವರದೇ ಖರೆ ಅನಿಸಿತು ಒಂದು ಗಳಿಗೆ.
ಹೌದು, ಸುಳ್ಳು ಎನ್ನಲು ಬಾಯಿ ತೆರೆದೆ.
ಆದರೆ ಇಲ್ಲಿಂದ ನಾಲ್ಕು ಕಲ್ಲು ಆಚೆ
ಮೂವತ್ತು ವರ್ಷದ ಹಿಂದೆ
ಲಾಜರನ ಅಧ್ಯಾಯ ತೆರೆದಿಟ್ಟು
ಮಗಳನ್ನು ಕರೆದಿದ್ದೆನಲ್ಲ ನಾನು,
ಮೂರಲ್ಲ, ಎಷ್ಟು ಸಲವೋ.
ನಮ್ಮವ್ವ ಪಕ್ಕ ಕೂತು ಶೇಂಗಾ ಸುಲಿಯುತ್ತಿದ್ದಳು,
ಒಂದು ಮಾತೂ ಆಡದೆ, ಕತ್ತಲಾಗುವವರೆಗೆ.

“ಮುಂದ ಏನಾಗತೈತಿ, ಎಲೀಷಾ?”
“ಓದಿಲ್ರಿ. ಅಲ್ಲೇ ನಿಲ್ಲಿಸೀನಿ.”
ಉಳಿದ ಹಾಳೆ ನಾನು ಓದಿದೆ, ಗಟ್ಟಿಯಾಗಿ.
ಕಥೆ ಅಷ್ಟೇನೂ ಚೆನ್ನಾಗಿರಲಿಲ್ಲ, ಕೊನೆಯ ಅಧ್ಯಾಯ ಅವಸರದ್ದು.
ನಡುವೆ ಒಂದು ಓತಿಕ್ಯಾತ ಜಾರಿ ಬಿದ್ದಲ್ಲಿ
ಹುಡುಗ ನಕ್ಕುಬಿಟ್ಟ,
ನಕ್ಕದ್ದಕ್ಕೆ ನಾಚಿದ.

ಪಟ್ಟಿ ಒಪ್ಪಿಸಿದೆ. ಸರಿ ಇಪ್ಪತ್ತೊಂಬತ್ತು. ತಪ್ಪು ಒಂದು.
“ಈ ಸಾಲು ಯಾಕ ಖಾಲಿ ಬಿಟ್ಟೀರಿ?”
“ಅದು ಒಬ್ಬರ ಓದೂದಲ್ಲ. ನನ್ನ ಮನ್ಯಾಗ ಐತಿ,
ಓದಾವ್ರು ಬರ್ಲಿ, ಜೋಡಿ ಕೂತು ಓದೂಣು.”
ಅವರು ಬಹಳ ಹೊತ್ತು ನೋಡಿ
ಅಂಚಿನಲ್ಲಿ ಏನೋ ಬರೆದುಕೊಂಡರು. ನಾನು ಕೇಳಲಿಲ್ಲ.

ಎಳೆ ಇನ್ನೂ ಶಿಲುಬೆಯ ಮೇಲೆ ಇದೆ.
ನಮ್ಮೂರ ಬಣ್ಣ, ಬೇಗ ಬಿಡುವುದಿಲ್ಲ.
ನಾನು ಬಿಚ್ಚಿಲ್ಲ.